ಲಲಿತಕ್ಕ ಬಾಗಿಲು ಹಾಕದ ಆಟಿ

ಎರಡು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ನಾನು ಸಮೀಕ್ಷೆ ಕಂಪೆನಿಯೊಂದಕ್ಕೆ ಫೀಲ್ಡ್ ಇನ್ವೆಸ್ಟಿಗೇಟರ್ ಆಗಿ ಸೇರಿದೆ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಉತ್ತರವನ್ನು ಟ್ಯಾಬ್‌ನಲ್ಲಿ ತುಂಬಿಸುವ ಕೆಲಸ. ಯಾವ ಊರಿನವರಿಗೆ ಎಂಥ ಹಾರರ್ ಸಿನಿಮಾ ಇಷ್ಟ ಎನ್ನುವುದು ಮೊಬೈಲಿನಲ್ಲಿ ಸಿನಿಮಾ ತೋರಿಸುವ ಸಂಸ್ಥೆಯೊಂದಕ್ಕೆ ಬೇಕಿತ್ತು. ನನ್ನ ಪಾಲಿಗೆ ಬಂದದ್ದು ಪುತ್ತೂರು, ಸುಳ್ಯ, ಕಡಬ. ದಿನಕ್ಕೆ ಎಂಟು ಮನೆ.

ದೆವ್ವವನ್ನು ನಾನು ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಕೊನೆಯಲ್ಲಿ ಮನಸ್ಸು ಬದಲಾಯಿಸುತ್ತೇನೆಂದು ಯಾರೂ ಕಾಯುವುದು ಬೇಡ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದನ್ನೇ ಕಲಿತವಳು ನಾನು.

ಊರಿಗೊಂದು ರುಚಿ ಇದ್ದದ್ದು ನಿಜ. ಪುತ್ತೂರು ಪೇಟೆಯಲ್ಲಿ ದೆವ್ವ ಹೆದರಿಸಿದರೆ ಸಾಲದು, ನಗಿಸಲೂಬೇಕು. ಕಡಬದಲ್ಲಿ ರಬ್ಬರ್ ಮರದಿಂದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರೊಬ್ಬರು ನನ್ನ ಪ್ರಶ್ನೆಗೇ ನಕ್ಕರು. "ಬೆಳಿಗ್ಗೆ ತೋಟಕ್ಕೆ ಹೋದ್ರೆ ಎದುರು ಆನೆ ನಿಂತಿರ್ತದೆ. ಮತ್ತೆ ದುಡ್ಡು ಕೊಟ್ಟು ಹೆದರುದು ಎಂತಕ್ಕೆ ಮಾರಾಯ್ತಿ?" ಸುಳ್ಯ ದಾಟಿ ಸಂಪಾಜೆ ಕಡೆಗೆ ಹೋದಂತೆ ಮಲಯಾಳಂ ಸಿನಿಮಾ ಜಾಸ್ತಿ. ಒಂದು ಮನೆ, ನಾಲ್ಕು ಜನ, ಕಿರುಚಾಟ ಕಡಿಮೆ.

ಲಲಿತಕ್ಕನ ಮನೆ ಅಲ್ಲೇ, ಸಂಪಾಜೆ ರಸ್ತೆಯಲ್ಲಿ. ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಗಂಡ ಪದ್ಮಯ್ಯಣ್ಣ ಸಾಮಾನು ಸಾಗಿಸುವ ಪಿಕಪ್ ಓಡಿಸುವವರು. ನನ್ನ ಪ್ರಶ್ನೆ ಮುಗಿಯುವ ಮೊದಲೇ ಅವರು ಒಳಗಿನಿಂದ ಕೂಗಿ ಹೇಳಿದರು: "ಬರ್ಕೊಳ್ಳಿ, ಇವಳಿಗೆ ಒಂದೇ ಪಿಕ್ಚರ್. ನನಗೆ ವಾರ್ತೆ ನೋಡ್ಲಿಕ್ಕೆ ಟಿವಿಯೇ ಸಿಗುದಿಲ್ಲ!"

ಆ ಸಿನಿಮಾದಲ್ಲಿ ತೀರಿಹೋದ ಮಗಳು ಮನೆಗೆ ಬಂದು ಬಾಗಿಲು ತಟ್ಟುತ್ತಾಳೆ. ತಾಯಿ ಹೆದರಿ ಚಿಲಕ ಹಾಕುತ್ತಾಳೆ.

"ಯಾಕೆ ಇಷ್ಟ?" ಎಂದೆ. ಫಾರ್ಮ್‌ನಲ್ಲಿ ಇದ್ದ ಆಯ್ಕೆಗಳು ಮೂರು: ಹೆದರಿಕೆ, ನಗು, ಕಥೆಯ ತಿರುವು.

"ಮಗಳು ಬರ್ತಾಳಲ್ಲ, ಅದಕ್ಕೆ," ಎಂದರು ಲಲಿತಕ್ಕ. "ಆ ತಾಯಿಗೆ ಬುದ್ಧಿ ಇಲ್ಲ. ನಾನಾದ್ರೆ ಬಾಗಿಲು ತೆಗೀತಿದ್ದೆ."

ಅವರ ಮಗಳು ಭವ್ಯ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ಕಾಲದಲ್ಲಿ, ನಮ್ಮ ಕಡೆ ತೀರಿಹೋದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಬಡಿಸಿ, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ತೀರಿಹೋದವರು ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ತಟ್ಟಿ ಬಾಗಿಲು ತೆಗೆಯುತ್ತಾರೆ.

"ಹೋದ ವರ್ಷ ಬಾಗಿಲು ತೆಗೆದಾಗ ಕೆಸುವಿನೆಲೆಯ ಪತ್ರೊಡೆ ತುಂಡು ಒಂಚೂರು ಈಚೆ ಸರಿದಿತ್ತು. ಅವಳಿಗೆ ಪತ್ರೊಡೆ ಅಂದ್ರೆ ಜೀವ," ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಈ ಉತ್ತರಕ್ಕೆ ನನ್ನ ಫಾರ್ಮ್‌ನಲ್ಲಿ ಜಾಗವಿರಲಿಲ್ಲ. ಅದನ್ನು 'ಹೆದರಿಕೆ'ಗೆ ಎಳೆದು ತರಲು ವಾದಕ್ಕಿಳಿದೆ. "ಇರುವೆ ಎಳೆದಿರಬಹುದಲ್ಲ ಅಕ್ಕ? ಬರುವುದು ನಿಜವಾದರೆ ಬಾಗಿಲು ಹಾಕುವುದು ಯಾಕೆ? ಒಳಗೇ ಕೂತು ನೋಡಬಹುದಲ್ಲ? ಹಾಕುತ್ತೀರಿ ಅಂದರೆ ಒಂದೋ ನಿಮಗೆ ಹೆದರಿಕೆ, ಇಲ್ಲ ನಂಬಿಕೆ ಇಲ್ಲ."

ಮೆಷಿನ್ ನಿಂತಿತು. "ಹೆದರಿಕೆಯಾ? ಅವಳದ್ದಾ?" ಎಂದರು. ಮತ್ತೆ ಮಾತಾಡಲಿಲ್ಲ. ಚರ್ಚೆಯಲ್ಲಿ ಎದುರಾಳಿ ಸುಮ್ಮನಾದರೆ ಗೆದ್ದಂತೆ. 'ಹೆದರಿಕೆ'ಯನ್ನು ಒತ್ತಿ ಮುಂದಿನ ಮನೆಗೆ ನಡೆದೆ.

ಆಗಸ್ಟ್‌ನಲ್ಲಿ ಬ್ಯಾಕ್‌ಚೆಕ್ ಬಂತು. ಕೆಲವು ಮನೆಗಳಿಗೆ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿ, ಮೊದಲಿನ ಉತ್ತರ ಸರಿಯೇ ಎಂದು ನೋಡುವ ಕ್ರಮ ಅದು. ಪಟ್ಟಿಯಲ್ಲಿ ಲಲಿತಕ್ಕನ ಮನೆಯೂ ಇತ್ತು.

ಅಂಗಳದಲ್ಲಿ ಪಿಕಪ್ ತೊಳೆಯುತ್ತಿದ್ದ ಪದ್ಮಯ್ಯಣ್ಣ ಈ ಸಲ ತಮಾಷೆ ಮಾಡಲಿಲ್ಲ. "ಈ ಆಟಿಗೆ ಇವಳು ಬಾಗಿಲು ಹಾಕ್ಲಿಕ್ಕೆ ಬಿಡ್ಲಿಲ್ಲ. ಎಲೆ ಎದುರು ಕೂತ್ಲು. ನನ್ನ ಅಕ್ಕಂದಿರು ಬೈದ್ರು, ಅಮ್ಮ ಅತ್ರು. ಏಳ್ಲೇ ಇಲ್ಲ. ಮಧ್ಯಾಹ್ನ ಕೂತವಳು ದೀಪ ಹಚ್ಚುವವರೆಗೆ."

ಜಗಲಿಯ ಮೆಷಿನಿಗೆ ಬಟ್ಟೆ ಹೊದಿಸಿತ್ತು. ಲಲಿತಕ್ಕ ನನಗೆ ಮಣೆ ಸರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಉತ್ತರಿಸುವುದು ನನಗೆ ಗೊತ್ತಿತ್ತು.

"ನೀನು ಹೇಳಿದ್ದು ಸರಿ ಮಾರಾಯ್ತಿ. ಇರುವೆಯೇ. ಸಾಲು ಹಿಡಿದು ಬಂದವು, ನೋಡ್ತಾ ಕೂತೆ."

ಕೇಳಲೇಬೇಕಿದ್ದ ಪ್ರಶ್ನೆ ಕೇಳಿದೆ. ಇಷ್ಟದ ಹಾರರ್ ಸಿನಿಮಾ?

"ಯಾವುದೂ ಇಲ್ಲ ಅಂತ ಬರಿ. ಅದನ್ನು ಈಗ ನೋಡುದಿಲ್ಲ. ಬರುದಿಲ್ಲ ಅಂತ ಗೊತ್ತಾದ ಮೇಲೆ ಎಂತ ನೋಡುದು?" ನನ್ನ ಕಡೆ ಬಗ್ಗಿದರು. "ಅಲ್ಲ, ನೀನು ಓದಿದವಳು, ಹೇಳು. ಮುಂದಿನ ಆಟಿಗೆ ಮೊದಲಿನ ಹಾಗೆ ಬಾಗಿಲು ಹಾಕಿದ್ರೆ ಆಗ್ತದಾ?"

ಟ್ಯಾಬ್‌ನಲ್ಲಿ 'ಯಾವುದೂ ಇಲ್ಲ' ಎಂದು ತುಂಬಿಸಿ ಮಣೆಯಿಂದ ಎದ್ದೆ.

ಎರಡು ಉತ್ತರ ತಾಳೆಯಾಗದಿದ್ದರೆ ಮೊದಲನೆಯದನ್ನು ಸುಳ್ಳೆಂದು ಗುರುತಿಸುವುದು ನಿಯಮ. ಅವರು ಮೊದಲು ಹೇಳಿದ ಸಿನಿಮಾ ನಿಜ, 'ಹೆದರಿಕೆ' ಎಂಬ ಕಾರಣ ಮಾತ್ರ ನನ್ನದು ಎಂದು ಮೇಲಿನವರಿಗೆ ಬರೆದು ಕಳಿಸಿದೆ. ಅವರು ಆ ಮನೆಯನ್ನೇ ಪಟ್ಟಿಯಿಂದ ತೆಗೆದರು.

ನನ್ನ ವಾದದಲ್ಲಿ ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಎದುರಿಗಿದ್ದದ್ದು ಎದುರಾಳಿಯಲ್ಲ ಎನ್ನುವುದನ್ನು ಮಾತ್ರ ನಾನು ನೋಡಿರಲಿಲ್ಲ. ಲಲಿತಕ್ಕ ಬಾಗಿಲು ಹಾಕುತ್ತಿದ್ದುದು ಹೆದರಿಕೆಯಿಂದಲ್ಲ. ಹೊರಗೆ ನಿಂತ ಆ ಕಾಲು ಗಂಟೆ ಅವರ ಪಾಲಿಗೆ ಮಗಳು ಒಳಗೆ ಉಣ್ಣುತ್ತಿದ್ದಳು. ಪ್ರಶ್ನೆ ಕೇಳುವ ಕೆಲಸದಲ್ಲೇ ಈಗಲೂ ಇದ್ದೇನೆ. ಕೇಳುತ್ತೇನೆ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುತ್ತೇನೆ, ಹಾಕಿದ ಬಾಗಿಲಿದ್ದರೆ ನಾನೂ ಹೊರಗೆ ನಿಲ್ಲುತ್ತೇನೆ.