ಹಲ್ಲಿಯ ಕೆಲಸಕ್ಕೆ ಕೂತ ಕಂಪ್ಯೂಟರ್

ನನ್ನ ಮಾವನವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಮನುಷ್ಯರ ಮಾತನ್ನು ಅವರು ಸುಲಭಕ್ಕೆ ನಂಬುತ್ತಿರಲಿಲ್ಲ, ಹಲ್ಲಿಯ ಮಾತನ್ನು ಮಾತ್ರ ತಕ್ಷಣ ನಂಬುತ್ತಿದ್ದರು. ಯಾರಾದರೂ ಏನಾದರೂ ಹೇಳುವಾಗ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಮುಗಿಯಿತು. "ನುಡೀತು ನೋಡ್ರಿ, ಖರೇ ಐತಿ" ಎಂದು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರು.

ನಾನು ಮದುವೆಗೆ ಮೊದಲು ತವರೂರು ಹಾವೇರಿಯಲ್ಲಿ ಕಂಪ್ಯೂಟರ್ ಕಲಿತಿದ್ದೆ. ಅಂಗಡಿಗೆ ಕಂಪ್ಯೂಟರ್ ಬಂದಾಗ, ರೈತರಿಗೆ ಕೊಡುವ ಮಾರಾಟದ ಪಟ್ಟಿ ಮಾಡಲು ನನ್ನನ್ನೇ ಕೂರಿಸಿದರು. ಆ ಸಂಸಾರದಲ್ಲಿ ಒಲೆಯ ಮುಂದಲ್ಲದೆ ನನಗೆ ಸಿಕ್ಕ ಜಾಗ ಆ ಕುರ್ಚಿಯೊಂದೇ. ಮೈದುನನಿಗೂ ಅದೇ ಬೇಕಿತ್ತು. ಅದರ ಮೇಲೆ ಕೂತು ಇಸ್ಪೀಟ್ ಆಡುವುದು ಬಿಟ್ಟರೆ ಆ ಮಹಾಶಯನಿಗೆ ಬೇರೇನೂ ಬರುತ್ತಿರಲಿಲ್ಲ. ಪುಕ್ಕಟೆ ಸಿಗುತ್ತದೆ ಎಂದು ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ ಜಾಣನೂ ಅವನೇ.

ಆ ಲಿನಕ್ಸಿಗೋ ಕೂಗುವ ಚಟ. ಖಾಲಿ ಜಾಗದಲ್ಲಿ ಅಳಿಸುವ ಕೀಲಿ ಒತ್ತಿದರೆ ಟೊಂಕ್. ಸೆಟ್ಟಿಂಗಿನಲ್ಲಿ ಸದ್ದು ಬಂದ್ ಮಾಡಿದೆ, ಸ್ಪೀಕರ್ ವೈರು ಕಿತ್ತೆ. ಆದರೂ ಡಬ್ಬಿಯ ಹೊಟ್ಟೆಯೊಳಗಿಂದ ಟೊಂಕ್. "ಇದೂ ನುಡಿತೈತಿ!" ಎಂದು ಮಾವನವರಿಗೆ ಖುಷಿಯೋ ಖುಷಿ. ಅಂಗಡಿಗೆ ಬಂದವರೂ ಮೇಜು ಕುಟ್ಟತೊಡಗಿದರು. ಕಾಗಿನೆಲೆ ಕಡೆಯ ರೈತರೊಬ್ಬರು "ಈ ಸಲ ರೇಟ್ ಏರತೈತಿ" ಎಂದಾಗ ಅದು ಕೂಗಿತು, ಅವರು ಕಂಪ್ಯೂಟರಿಗೆ ಕೈ ಮುಗಿದು ಹೋದರು. ನನ್ನ ಬೆರಳು ತಾಗಿ ಬಂದ ಸದ್ದು ಅದು ಎಂದರೆ ಕೇಳುವವರಾರು?

ಒಂದು ದಿನ ಮೈದುನ ಬಾಯಿ ತೆರೆದ. "ಅಪ್ಪಾ, ವೈನಿ ಕೈಯಾಗ ಪಟ್ಟಿ ಕೊಟ್ರ ಅಂಗಡಿ ಮುಳುಗತೈತಿ."

ಟೊಂಕ್.

ಮಾವನವರ ಗೆಣ್ಣು ಮೇಜಿಗೆ ಹೋಯಿತು. "ಈ ವಾರ ಮುಗೀಲಿ ತಂಗಿ, ಆಮ್ಯಾಲೆ ಅವ ಕುಂದರ್ಲಿ" ಎಂದು ನನಗೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ತವರಿಗೆ ಹೋಗುವ ನೆಪದಲ್ಲಿ ಹಾವೇರಿಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಆ ಸದ್ದು ನಿಲ್ಲಿಸುವ ದಾರಿ ಹುಡುಕಿದೆ. ಡಬ್ಬಿಯೊಳಗಿನ ಪುಟ್ಟ ಸ್ಪೀಕರನ್ನು ಕೂಗಿಸಲು ಲಿನಕ್ಸಿನಲ್ಲಿ ಬೇರೆಯದೇ ಒಂದು ಪ್ರೋಗ್ರಾಂ ತುಣುಕು ಇತ್ತು, ಒಂದು ಕಮಾಂಡ್ ಕೊಟ್ಟರೆ ಅದು ಕಳಚುತ್ತಿತ್ತು. ಮರಳಿ ಬಂದು ಕೊಟ್ಟೆ, ಸುಮ್ಮನಾಯಿತು. ಕರೆಂಟ್ ಹೋಗಿ ಬಂದದ್ದೇ ತಡ, ಮತ್ತೆ ಟೊಂಕ್! ಕೊನೆಗೆ ಅದನ್ನು ಯಾವತ್ತೂ ಒಳಗೆ ಬಿಡಬೇಡ ಎಂದು ಲಿನಕ್ಸಿನ ಫೈಲೊಂದರಲ್ಲಿ ಅದರ ಹೆಸರು ಬರೆದುಬಿಟ್ಟೆ. ಆಮೇಲೆ ಎಷ್ಟು ಸಲ ಕರೆಂಟ್ ಹೋಗಿ ಬಂದರೂ ಅದು ತುಟಿ ಬಿಚ್ಚಲಿಲ್ಲ.

ವಾರ ಮುಗಿದ ದಿನ ಮೈದುನ ಇಸ್ತ್ರಿ ಅಂಗಿ ತೊಟ್ಟು ಬಂದ. ಮಾವನವರು, "ದೊಡ್ಡ ಮಾತೈತಿ, ಇನ್ನೊಮ್ಮೆ ನುಡೀಲಿ. ನೀ ಅನ್ನಪಾ" ಎಂದರು. ಅವನು ಅಂದ. ನಾನು ಬೇಕೆಂದೇ ಅಳಿಸುವ ಕೀಲಿ ಒತ್ತಿದೆ. ಸದ್ದಿಲ್ಲ. ಕಂಪ್ಯೂಟರಿಗೆ ಕಿವುಡು ಎಂಬಂತೆ ಅವನು ಅದರ ಹತ್ತಿರ ಬಗ್ಗಿ ಇನ್ನೂ ಜೋರಾಗಿ ಅಂದ. ಒತ್ತಿದೆ. ಸದ್ದಿಲ್ಲ.

"ನುಡೀವಲ್ದು. ಹಂಗಾರ ಸುಳ್ಳ ಐತಿ" ಎಂದರು ಮಾವನವರು. "ನೀನ ಕುಂದ್ರು ತಂಗಿ."

ಮೈದುನ ಇಸ್ತ್ರಿ ಅಂಗಿಯಲ್ಲೇ ಚೀಲ ತೂಗಿಸಲು ಹೋದ. ಕುರ್ಚಿ ಉಳಿಯಿತು, ಆದರೆ ಸಂತೋಷಕ್ಕಿಂತ ನನಗೆ ಸಿಟ್ಟೇ ಹೆಚ್ಚು ಬಂತು. ನಾನು ಮಾಡಿದ ಪಟ್ಟಿಗಳು ಮಾವನವರ ಕೈಗೆಟುಕುವಲ್ಲೇ ಇದ್ದವು. ಒಂದನ್ನೂ ತೆರೆದು ನೋಡದೆ ಅವರು ನನ್ನನ್ನು ಏಳು ಎಂದಿದ್ದರು, ಒಂದನ್ನೂ ತೆರೆದು ನೋಡದೆಯೇ ಕೂರು ಎಂದರು.