ದೊಡ್ಡಪ್ಪನ ಗರಗಸ

ಬಡಗಿ ಕೆಲಸದ ನಮ್ಮ ದೊಡ್ಡಪ್ಪನಿಗೆ ಬೈಯದೆ ರಿಪೇರಿ ಮಾಡಲು ಬರುವುದಿಲ್ಲ. ದಿಮ್ಮಿ ಸೀಳಿ ಹಲಗೆ ಮಾಡುವ ಅವರ ಹಳೆಯ ಚೈನ್ ಗರಗಸ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ವರ್ಷಗಟ್ಟಲೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಒಂದು ದಿನ ಅದನ್ನು ಹೊರಗೆಳೆದು, ಕಾರ್ಬ್ಯುರೇಟರ್ ತೊಳೆದು, ಪ್ಲಗ್ ಬದಲಿಸಿ, ಹೊಸ ಪೆಟ್ರೋಲ್ ಹಾಕಿ, ಹಗ್ಗ ಎಳೆದೆಳೆದು ಸುಸ್ತಾದರು. ಅದು ಕೆಮ್ಮಲೂ ಇಲ್ಲ.

"ಸೋಮಾರಿ ಮುಂಡೇದು," ಎಂದು ಅದರ ಪಕ್ಕದಲ್ಲೇ ಕುಕ್ಕರಿಸಿದರು.

ದೊಡ್ಡಮ್ಮ ಬಂದು ಬಗ್ಗಿ ನೋಡಿದರು. "ಹೊಗೆ ಬರೋ ತೂತಲ್ಲಿ ಏನ್ರೀ ಅದು?"

"ಅಯ್ಯೋ, ಕಣಜ ಗೂಡು ಕಟ್ಟಬಾರದು ಅಂತ ನಾನೇ ಬಟ್ಟೆ ತುರುಕಿದ್ದೆ ಕಣೆ. ಮರೆತೇ ಹೋಗಿತ್ತು."

ದೊಡ್ಡಮ್ಮ ಇಕ್ಕಳ ಹಾಕಿ ಎಳೆದರು. ಮಸಿಯ ನಡುವೆ ಹಳದಿ ಹೂವೊಂದು ಕಂಡಿತು. ಅದು ಅವರೇ ಕಸೂತಿ ಹಾಕಿದ್ದ ದಿಂಬಿನ ಕವರು. ನಾದಿನಿಯೇ ಅದನ್ನು ಎತ್ತಿಕೊಂಡು ಹೋದಳೆಂದು ಇಷ್ಟು ವರ್ಷ ಅವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಅವರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಹಗ್ಗ ಎಳೆದರು. ಗರಗಸ ಒಂದೇ ಏಟಿಗೆ ಗುಡುಗಿತು. ಅಂದು ಬೇಕಾಗಿದ್ದದ್ದು ಒಂದೇ ಹಲಗೆ. ಕತ್ತಲಾಗುವವರೆಗೂ ದೊಡ್ಡಪ್ಪ ಗರಗಸ ನಿಲ್ಲಿಸಲಿಲ್ಲ.