ಪೆನ್ನು ಕೆಳಗಿಡಬೇಡಿ ಎನ್ನುವ ಬುರುಲ್ ಎಜೆ

ಬೆಳಗಿನ ಐದೂವರೆ. ನಾರಿನ್ ನದಿ ದಂಡೆಯ ಈ ಪುಟ್ಟ ಊರಿನ ಮೇಲೆ ಕಲ್ಲಿದ್ದಲ ಹೊಗೆ ಕಂಬಳಿಯಂತೆ ಕವಿದಿದೆ. ಬುರುಲ್ ಎಜೆ ಒಲೆಗೆ ಇದ್ದಲು ಸುರಿದು, ಬೇಕೆಂತಲೇ ರೇಡಿಯೋ ಜೋರು ಮಾಡುತ್ತಾರೆ. ಕೋಟು ಬಿಚ್ಚದೆ ನೆಲದ ಮೇಲೆ ಕೂತ ಒಂಬತ್ತು ನರ್ಸುಗಳಲ್ಲಿ ಒಬ್ಬಳು ಅದನ್ನು ಆರಿಸಲು ಕೈ ಚಾಚುತ್ತಾಳೆ.

"ಮುಟ್ಟಬೇಡ ಅದನ್ನ! ಪರೀಕ್ಷೆ ಕೋಣೇಲಿ ಯಾರಾದ್ರೂ ಕೆಮ್ಮಿದ್ರೆ ಎದ್ದುಹೋಗಿ ಬಾಯಿ ಮುಚ್ಚಿಸ್ತೀಯೇನೇ?"

ಎಲ್ಲರಿಗೂ ಆಕೆ ಎಜೆ, ಅಂದರೆ ಅಕ್ಕ. ವಯಸ್ಸು ಅರವತ್ಮೂರು. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹೊರದೇಶದ ಆಸ್ಪತ್ರೆ ಸೇರಬೇಕೆಂದರೆ ಈ ಹೆಣ್ಣುಮಕ್ಕಳು ಇಂಗ್ಲಿಷ್ ಕೇಳಿ ಉತ್ತರ ಬರೆಯುವ ಪರೀಕ್ಷೆ ದಾಟಬೇಕು. ನಲವತ್ತು ಪ್ರಶ್ನೆ, ಧ್ವನಿ ಕೇಳಿಸುವುದು ಒಂದೇ ಸಲ. ಎಜೆಯ ಮನೆಯಲ್ಲಿ ಈ ಬೆಳಗಿನ ಪಾಠ ಅದಕ್ಕೇ.

"ಧ್ವನಿ ಶುರುವಾಗೋ ಮುಂಚೆ ಪ್ರಶ್ನೆ ಓದ್ಕೊಳ್ರೇ. ಬರೋದು ಹೆಸರೋ ಅಂಕಿಯೋ ಊಹಿಸಿ. ಮೊದಲು ಹೇಳಿದ್ದನ್ನೇ ನಂಬಬೇಡಿ. 'ಅಲ್ಲಲ್ಲ, ಗುರುವಾರ' ಅಂತ ಆಮೇಲೆ ಮಾತು ತಿರುಗಿಸ್ತಾರೆ ಕಳ್ಳರು. ಒಂದು ಉತ್ತರ ತಪ್ಪಿತಾ, ಬಿಟ್ಟುಬಿಡಿ. ಕಳೆದ ಕುರಿ ಹುಡುಕ್ಕೊಂಡು ಹೋದೋನ ಮಂದೆ ತೋಳದ ಪಾಲು."

ಒಂಬತ್ತು ವರ್ಷದಲ್ಲಿ ನೂರಾ ಹನ್ನೆರಡು ಮಂದಿ ಪಾಸಾಗಿದ್ದಾರೆ. ಅವರಲ್ಲಿ ಊರಲ್ಲಿ ಉಳಿದವರು ಮೂವರು. "ನಿನ್ನಿಂದ್ಲೇ ನಮಗೆ ಸೂಜಿ ಚುಚ್ಚೋರಿಲ್ಲ" ಎಂದು ಸಂತೆಯಲ್ಲಿ ಮುಖಕ್ಕೇ ಅನ್ನುವವರಿದ್ದಾರೆ.

ಆ ಕಷ್ಟ ಅವರ ಮನೆಯಲ್ಲೂ ಇದೆ. ಪರದೆಯ ಆಚೆ ಗಂಡ ಎಸೆನ್‌ಕುಲ್ ಮಲಗಿದ್ದಾರೆ. ಸಕ್ಕರೆ ಕಾಯಿಲೆ ಒಂದು ಕಾಲನ್ನೂ ಎರಡೂ ಕಣ್ಣನ್ನೂ ತಿಂದುಹಾಕಿದೆ. ದಿನಕ್ಕೆರಡು ಇನ್ಸುಲಿನ್. ಎಜೆಯ ಕೈ ನಡುಗುವುದರಿಂದ ಪಕ್ಕದ ಓಣಿಯ ಶಿಷ್ಯೆ ಕುಂದುಜ್ ಬೆಳಿಗ್ಗೆ ಪಾಠ ಮುಗಿಸಿ ಒಂದು, ಸಂಜೆ ಒಂದು ಚುಚ್ಚಿ ಹೋಗುತ್ತಾಳೆ. ಈ ಕುಂದುಜ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ತಪ್ಪಿದರೆ, ಅವಳಿಗಾಗಿ ಕಾದಿದ್ದ ಕೆಲಸ ಇನ್ನೊಬ್ಬರಿಗೆ.

ಇಂಗ್ಲಿಷಿನಲ್ಲಿ ಅವಳು ಚುರುಕು. ಮತ್ತೇಕೆ ಫೇಲು? ಎಜೆಗೆ ಗೊತ್ತಾದದ್ದು ಈ ಚಳಿಗಾಲದಲ್ಲಿ. "ಇಷ್ಟು ದಿನ ಇವಳ ಕಿವಿ ನೋಡ್ತಿದ್ದೆ, ಕೈ ನೋಡಿರಲಿಲ್ಲ. ಧ್ವನಿ ಬಂದ ಕೂಡ್ಲೇ ಪೆನ್ನು ಕೆಳಗಿಟ್ಟು, ಕೈ ಕಟ್ಕೊಂಡು, ತಲೆ ಆಡಿಸ್ತಾ ಕೂತ್ಕೋತಿದ್ಲು!" ದೊಡ್ಡವರು ಮಾತಾಡುವಾಗ ಕೈ ಆಡಿಸಬಾರದು ಎಂದು ತೊಟ್ಟಿಲಿನಿಂದ ಕಲಿಸಿದ ಮನೆ. ಧ್ವನಿ ಮುಗಿಯಲೆಂದು ಅವಳು ಮರ್ಯಾದೆಯಿಂದ ಕಾಯುವಷ್ಟರಲ್ಲಿ ಮೂರು ಪ್ರಶ್ನೆ ದಾಟಿಹೋಗಿರುತ್ತಿದ್ದವು.

ಎಜೆ ಹುಡುಕಿದ ಮದ್ದು ಎಸೆನ್‌ಕುಲ್. ಅವರು ಹಾಸಿಗೆಯಿಂದ ತಮ್ಮ ಕುದುರೆ ವ್ಯಾಪಾರದ ಕಥೆ ಹೇಳಬೇಕು, ಕುಂದುಜ್ ತಲೆ ಎತ್ತದೆ ಬರೆಯಬೇಕು.

"ದೊಡ್ಡವರು ಮಾತಾಡ್ತಿದ್ರೆ ಗೀಚ್ತಾ ಕೂರೋದಾ? ನನ್ನ ಕೈ ಬಿದ್ದುಹೋಗುತ್ತೆ ಎಜೆ."

"ಪೆನ್ನಿನ ಸದ್ದು ನಿಂತಿತು!" ಕಣ್ಣು ಕಾಣದ ಮುದುಕ ಗದರುತ್ತಿದ್ದರು. "ಮರ್ಯಾದೆ ಗಂಟುಕಟ್ಟಿ ಅಟ್ಟಕ್ಕೆ ಹಾಕು. ಬರಿ ಮಗಳೇ, ಬರಿ!"

ಅವಳು ಪಾಸಾದರೆ ನಿಮ್ಮ ಸೂಜಿಯ ಗತಿ ಏನು ಎಂದು ಯಾರೋ ಕೇಳಿದರಂತೆ. "ಅದು ನನ್ನ ಪ್ರಶ್ನೆ," ಎಂದರು ಎಸೆನ್‌ಕುಲ್. "ಅವಳ ನಲವತ್ತರಲ್ಲಿ ಅದಿಲ್ಲ."

ಕಳೆದ ತಿಂಗಳು ಕುಂದುಜ್ ನಲವತ್ತಕ್ಕೆ ಮೂವತ್ತಾರು ತೆಗೆದಳು. ಭಾನುವಾರ ಹೊರಡುತ್ತಾಳೆ. ಫಲಿತಾಂಶದ ದಿನ ಅಳುತ್ತಾ ಬಂದು, "ನಾನು ಹೋಗಲ್ಲ ಎಜೆ" ಎಂದವಳ ಕೈಗೆ ಎಜೆ ಸಿರಿಂಜ್ ಇಟ್ಟರು. "ಅತ್ತಿದ್ದು ಸಾಕು. ಮಿಕ್ಕವರೂ ಇವತ್ತಲ್ಲ ನಾಳೆ ಹೋಗೋರೇ. ನಂಗೆ ಕಲಿಸು."

ಅಂದಿನಿಂದ ಪಾಠ ಮುಗಿದ ಮೇಲೆ ಎಜೆ ಸಿರಿಂಜಿಗೆ ನೀರೆಳೆದು ಆಲೂಗಡ್ಡೆಗೆ ಚುಚ್ಚುತ್ತಾರೆ. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದರೂ ನೀರು ಅಳತೆಯ ಗೆರೆ ಮೀರುತ್ತದೆ. ಇನ್ಸುಲಿನ್ ಅಳತೆ ಹೆಚ್ಚಾದರೆ ಪ್ರಾಣವೇ ಹೋಗಬಹುದೆಂದು ಕುಂದುಜ್ ಮುಚ್ಚಿಡದೆ ಹೇಳಿದ್ದಾಳೆ. ಪರದೆಯ ಆಚೆಯವರಿಗೂ ಅದು ಕೇಳಿಸಿದೆ.

"ಶುರುವಿಗೆ ಹತ್ತರಲ್ಲಿ ಏಳು ತಪ್ತಿತ್ತು," ಎನ್ನುತ್ತಾರೆ ಎಜೆ, ಇನ್ನೊಂದು ಆಲೂಗಡ್ಡೆ ಎತ್ತಿಕೊಳ್ಳುತ್ತಾ. "ಈಗ ನಾಲ್ಕು. ಭಾನುವಾರಕ್ಕೆ ಇನ್ನೂ ಮೂರು ದಿನ ಇದೆ."